ರೀಸೆಟ್ ಆದ ಮೇಲೆ ವಾಟ್ಸಾಪ್ ಚಾಟ್ ವಾಪಸ್ ತರುವುದು ಹೇಗೆ?

ಆಂಡ್ರಾಯ್ಡ್ ಅಪ್‌ಗ್ರೇಡ್ ಆದ ಮೇಲೆ ಫೋನ್ ರೀಸೆಟ್ ಮಾಡಿದೆ, ವಾಟ್ಸಾಪ್ ಹಾಕುವಾಗ ರಿಸ್ಟೋರ್ ಕೇಳಿದ್ದಕ್ಕೆ ಸ್ಕಿಪ್ ಒತ್ತಿಬಿಟ್ಟೆ ಅಂದಿರಲ್ಲ, ಮೊದಲು ಒಂದು ಮಾತು. ವಾಟ್ಸಾಪ್‌ನಲ್ಲಿ ಬ್ಯಾಕಪ್ ಬಟನ್ ಮುಟ್ಟಲೇಬೇಡಿ. ಆಟೊ ಬ್ಯಾಕಪ್ ಆನ್ ಇದ್ದರೆ ಈಗಲೇ ಆಫ್ ಮಾಡಿ. ಗೂಗಲ್ ಖಾತೆಯಲ್ಲಿ ಹೊಸ ಬ್ಯಾಕಪ್ ಕೂತರೆ ಹಳೆಯದು ಅಳಿಸಿಹೋಗುತ್ತದೆ. ಖಾಲಿ ಚಾಟ್ ಬಂದು ತುಂಬಿದ್ದನ್ನು ನುಂಗಿಹಾಕಿದಂತೆ!

ಆಮೇಲೆ ವಾಟ್ಸಾಪ್ ತೆಗೆದು ಮತ್ತೆ ಹಾಕಿ. ಅದೇ ನಂಬರ್, ಅದೇ ಗೂಗಲ್ ಖಾತೆ ಇರಬೇಕು. ಮನೆಯಲ್ಲಿ ಎರಡು ಮೂರು ಜೀಮೇಲ್ ಇದ್ದರೆ ಜಾಸ್ತಿ ಜನ ಎಡವುವುದು ಇಲ್ಲೇ. ರಿಸ್ಟೋರ್ ಮತ್ತೆ ಕೇಳುತ್ತದೆ, ಈ ಸಲ ಒಪ್ಪಿಕೊಳ್ಳಿ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟಿದ್ದರೆ ಅದೂ ಬೇಕು, ಇಲ್ಲದೆ ತೆರೆಯುವುದಿಲ್ಲ. ಫೋನ್ ಒಳಗಿದ್ದ ಬ್ಯಾಕಪ್ ಮಾತ್ರ ರೀಸೆಟ್‌ನಲ್ಲೇ ಹೋಗಿರುತ್ತದೆ, ಸುಮ್ನೆ ಹುಡುಕಬೇಡಿ.

ಉಳಿದ ಆಪ್‌ಗಳಿಗೆ ಪ್ಲೇ ಸ್ಟೋರ್‌ನ 'ಮ್ಯಾನೇಜ್ ಆಪ್ಸ್' ಒಳಗೆ 'ನಾಟ್ ಇನ್‌ಸ್ಟಾಲ್ಡ್' ಪಟ್ಟಿ ನೋಡಿ, ಹಳೆಯವೆಲ್ಲ ಅಲ್ಲಿರುತ್ತವೆ. ಯುಪಿಐ ಆಪ್‌ಗಳನ್ನು ಮಾತ್ರ ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಹೊಸದಾಗಿ ನೋಂದಾಯಿಸಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಹಳೆಯ ಬ್ಯಾಕಪ್ ಇನ್ನೂ ಉಳಿದಿದೆಯಾ ಅಂತ ತಿಳಿಯಲು, ಗೂಗಲ್ ಡ್ರೈವ್ ಆಪ್‌ನ 'ಬ್ಯಾಕಪ್ಸ್'ನಲ್ಲಿ ವಾಟ್ಸಾಪ್ ಹೆಸರಿನ ಮುಂದೆ ಯಾವ ತಾರೀಖು ಇದೆ ಅಂತ ನೋಡಿ ಹೇಳ್ತೀರಾ?