ಸ್ಪಿನ್ ಕ್ಲಾಸ್‌ಗೆ ಶೂ ಕೊಳ್ಳುವ ಮುಂಚೆ ಜಿಮ್‌ನ ಪೆಡಲ್ ತಿರುಗಿಸಿ ನೋಡಿ

ಮೇಡಂ, ರನ್ನಿಂಗ್ ಶೂ ಹಾಕಿಕೊಂಡು ಸ್ಪಿನ್ (ಜಿಮ್ ಒಳಗೆ ನಿಂತಲ್ಲೇ ತುಳಿಯುವ ಸೈಕಲ್ ಕ್ಲಾಸ್) ಮಾಡಿದರೆ ಅರ್ಧ ಕ್ಲಾಸ್‌ಗೇ ಪಾದ ಜೋಮು ಹಿಡಿಯುತ್ತೆ ಅಂದಿರಿ. ಪರಿಚಯದವರು ತಳದಲ್ಲಿ ಮೂರು ತೂತಿನ ಹಳೇ ರೋಡ್ ಸೈಕಲ್ ಶೂ ಕಮ್ಮಿಗೆ ಕೊಡ್ತೀನಿ ಅಂದಿದ್ದಾರೆ, ಆದರೆ ಕಾಲು ಪೆಡಲ್‌ಗೆ ಸಿಕ್ಕಿಕೊಂಡರೆ ಅನ್ನೋ ಭಯ ಅಂತಲೂ ಬರೆದಿದ್ದೀರಿ. ಆ ಶೂಗೆ ಈಗಲೇ ದುಡ್ಡು ಕೊಡಬೇಡಿ.

ಮುಂದಿನ ಕ್ಲಾಸ್‌ಗೆ ಸ್ವಲ್ಪ ಬೇಗ ಹೋಗಿ, ಪೆಡಲನ್ನು ಕೈಯಲ್ಲಿ ಹಿಡಿದು ಎರಡೂ ಮಗ್ಗುಲು ನೋಡಿ. ಒಂದು ಕಡೆ ಪಟ್ಟಿ ಇರುವ ಕೇಜ್ (ಪಾದ ತೂರಿಸುವ ಚೌಕಟ್ಟು), ಇನ್ನೊಂದು ಕಡೆ ಸ್ಪ್ರಿಂಗ್ ಇರುವ ಸಣ್ಣ ಸ್ಟೀಲ್ ಬಾಯಿ ಇದ್ದರೆ ಅದು ಎಸ್‌ಪಿಡಿ ಅನ್ನೋ ಪೆಡಲ್. ಸೈಕಲ್ ಬಿಡಿಭಾಗ ಮಾಡುವ ಶಿಮಾನೋದವರು ಮೌಂಟನ್ ಬೈಕ್‌ಗೆ ಅಂತ ತಂದದ್ದು, ಈಗ ಜಿಮ್‌ಗಳಲ್ಲಿ ಜಾಸ್ತಿ ಕಾಣೋದು ಇದೇ. ಇದಕ್ಕೆ ಎರಡು ಬೋಲ್ಟಿನ ಪುಟ್ಟ ಲೋಹದ ಕ್ಲೀಟ್, ಅಂದರೆ ಶೂವನ್ನು ಪೆಡಲ್‌ಗೆ ಕಚ್ಚಿಸುವ ತುಂಡು. ಶೂ ತಳದ ಗುಳಿಯೊಳಗೆ ಕೂರುತ್ತೆ, ಹಾಗಾಗಿ ಆರಾಮಾಗಿ ನಡೆಯಬಹುದು. ಅಗಲವಾದ ತ್ರಿಕೋನದ ಬಾಯಿ ಇದ್ದರೆ ಲುಕ್ ಕಂಪನಿಯ ಡೆಲ್ಟಾ ಪೆಡಲ್ ಇರಬಹುದು, ಪೆಲೊಟಾನ್ ಕಂಪನಿಯ ಸೈಕಲ್‌ಗಳಲ್ಲಿ ಬರೋದು ಅದು. ಅದಕ್ಕೆ ಮಾತ್ರ ಮೂರು ತೂತಿನ ಶೂ ಸರಿ. ಆಗಲೂ ಶೂನಲ್ಲಿರುವ ಹಳೇ ಕ್ಲೀಟ್ ಹೊಂದುತ್ತೆ ಅಂತೇನಿಲ್ಲ. ಲುಕ್ ಕಂಪನಿಯದೇ ಕಿಯೋ ಕ್ಲೀಟ್ ನೋಡಲು ಹಾಗೇ ಇದೆ, ಡೆಲ್ಟಾ ಪೆಡಲ್‌ಗೆ ಕೂರಲ್ಲ. ಮೂರು ತೂತಿನ ಶೂಗೆ ಎಸ್‌ಪಿಡಿ ಹಾಕಲು ಅಡಾಪ್ಟರ್ ಸಿಗುತ್ತೆ. ಆದರೆ ಕ್ಲೀಟ್ ಇನ್ನೂ ಹೊರಗೆ ಚಾಚಿಕೊಂಡು ಒದ್ದೆ ಟೈಲ್ಸ್ ಮೇಲೆ ಜಾರುತ್ತೆ. ಬೇಡ ಬಿಡಿ.

ಜೋಮಿನ ವಿಷಯ. ರನ್ನಿಂಗ್ ಶೂ ತಳ ಮೆತ್ತಗಿರುತ್ತೆ. ತುಳಿದಾಗ ಪೆಡಲ್ ಇರುವ ಜಾಗದಲ್ಲೇ ಬಾಗಿ, ಒತ್ತಡವೆಲ್ಲ ಬೆರಳ ಬುಡದ ಮೇಲೆ ಬೀಳುತ್ತೆ. ಕಾಲು ಜಾರದಿರಲಿ ಅಂತ ಕೇಜ್ ಪಟ್ಟಿ ಬಿಗಿದರೆ ಮೇಲಿಂದಲೂ ಒತ್ತು. ಸೈಕಲ್ ಶೂ ತಳ ಗಟ್ಟಿ ಇರೋದೇ ಇದಕ್ಕೆ. ವಾರಕ್ಕೊಂದು ಕ್ಲಾಸ್ ಅಷ್ಟೇ ಆದರೆ ಹೊಸದೇನೂ ಬೇಡ. ಮನೇಲಿ ಬ್ಯಾಡ್ಮಿಂಟನ್ ಶೂ ಇದ್ದರೆ ಅದನ್ನೇ ಹಾಕಿ, ಅದರ ತಳ ಅಷ್ಟು ಮೆತ್ತಗಿರಲ್ಲ; ಪಟ್ಟಿ ಒಂದು ಹಲ್ಲು ಸಡಿಲ ಬಿಡಿ. ಲೇಸ್ ತುದಿ ಮಾತ್ರ ಒಳಗೆ ಸಿಕ್ಕಿಸಿ, ಪೆಡಲ್ ಹಿಡಿದಿರುವ ಕ್ರ್ಯಾಂಕ್‌ಗೆ ಸುತ್ತಿಕೊಂಡರೆ ಕಷ್ಟ.

ಕೊಳ್ಳೋದೇ ಆದರೆ ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ನಮ್ಮಲ್ಲಿ ತುಂಬಾ ಜನರಿಗೆ ಬೆರಳ ಕಡೆ ಪಾದ ಅಗಲ, ಈ ಶೂಗಳೋ ಅಲ್ಲೇ ಕಿರಿದು. ಒಂದು ಸೈಜ್ ದೊಡ್ಡದು ತಗೊಂಡರೆ ಹಿಮ್ಮಡಿ ಎದ್ದೆದ್ದು ಬರುತ್ತೆ, ಅದರ ಬದಲು ಅಗಲದ ಮಾಡೆಲ್ ಕೇಳಿ. ಒಳಗೆ ಗಾಳಿಯೇ ಇಲ್ಲದ ಕ್ಲಾಸ್, ಜಾಲರಿ ಬಟ್ಟೆ ಜಾಸ್ತಿ ಇರೋದು ನೋಡಿ. ವೆಲ್ಕ್ರೋ ಸಾಕು, ತಿರುಗಿಸಿ ಬಿಗಿಸುವ ಡಯಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಸಾಮಾನ್ಯವಾಗಿ ಕ್ಲೀಟ್ ಬೇರೆಯಾಗಿ ಕೊಳ್ಳಬೇಕು, ಬಿಲ್ ಮಾಡಿಸುವಾಗಲೇ ಕೇಳಿಬಿಡಿ.

ಇನ್ನು ನಿಮ್ಮ ಭಯ. ಶಿಮಾನೋ ಎಸ್‌ಪಿಡಿ ಕ್ಲೀಟ್‌ನಲ್ಲಿ ಎಸ್‌ಎಚ್51 ಅನ್ನೋ ಮಾಡೆಲ್, ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಬಿಡುತ್ತೆ. ಎಸ್‌ಎಚ್56 ಅನ್ನೋದು ಓರೆಯಾಗಿ ಮೇಲೆಳೆದರೂ ಬಿಡುತ್ತೆ. ಹೊಸಬರಿಗೆ 56 ವಾಸಿ ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಎದ್ದು ನಿಂತು ಜೋರಾಗಿ ತುಳಿಯುವಾಗ ಅದು ತಾನಾಗೇ ಬಿಟ್ಟರೆ ಇನ್ನೂ ಅಪಾಯ. ಯಾಕಂದ್ರೆ ಸ್ಪಿನ್ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಫ್ರೀ ವೀಲ್ ಇರಲ್ಲ. ನೀವು ತುಳಿಯೋದು ನಿಲ್ಲಿಸಿದರೂ ಭಾರದ ಚಕ್ರ ಪೆಡಲನ್ನು ತಿರುಗಿಸುತ್ತಲೇ ಇರುತ್ತೆ, ಬಿಟ್ಟ ಕಾಲಿನ ಮೊಣಕಾಲ ಕೆಳಗಿನ ಮೂಳೆಗೆ ಬಂದು ಬಡಿಯುತ್ತೆ. ಇಳಿಯುವಾಗ ಮೊದಲು ರೆಸಿಸ್ಟೆನ್ಸ್ ನಾಬ್ ಒತ್ತಿ ಚಕ್ರ ಪೂರ್ತಿ ನಿಲ್ಲಿಸಿ, ಆಮೇಲೆ ಹಿಮ್ಮಡಿ ಹೊರಕ್ಕೆ ತಿರುಗಿಸಿ. ನಿಂತ ಸೈಕಲ್ ಮೇಲೆ ಕ್ಲೀಟ್ ಹಾಕಿ ಬಿಡಿಸಿ ಸ್ವಲ್ಪ ಹೊತ್ತು ರೂಢಿ ಮಾಡಿಕೊಳ್ಳಿ. ತುಂಬಾ ಬಿಗಿ ಅನ್ನಿಸಿದರೆ ಪೆಡಲ್‌ನ ಸಣ್ಣ ಅಲೆನ್ ಸ್ಕ್ರೂ ಸಡಿಲ ಮಾಡಲು ಟ್ರೇನರ್‌ಗೆ ಹೇಳಿ.

ಕ್ಲೀಟನ್ನು ಹೆಬ್ಬೆರಳಿನ ಬುಡದ ಉಬ್ಬು ಮೂಳೆಗಿಂತ ಒಂಚೂರು ಹಿಂದಕ್ಕೆ ಕೂರಿಸಿ, ಜೋಮು ಕಮ್ಮಿಯಾಗುತ್ತೆ. ಮಂಡಿ ನೋವು ಶುರುವಾದರೆ ಮೊದಲು ಸೀಟಿನ ಎತ್ತರ, ಕ್ಲೀಟಿನ ಕೋನ ನೋಡಿ. ಬೋಲ್ಟ್ ಹಾಕುವಾಗ ಅದರ ತಿರುಪಿನ ಸುತ್ತುಗಳಿಗೆ ಚೂರು ಗ್ರೀಸ್ ಸವರಿ. ಇಲ್ಲದಿದ್ದರೆ ಬೆವರಿಗೆ ತುಕ್ಕು ಹಿಡಿದು, ಕ್ಲೀಟ್ ಬದಲಿಸುವ ದಿನ ಅಲೆನ್ ಕೀ ತೂತೇ ಸವೆದುಹೋಗುತ್ತೆ.