ನಮ್ಮದೇ ತಮಟೆ ಸದ್ದು, ನಮಗೇ ನೋಟಿಸ್

‘ನಾನು ಮಾಡಿದ ಗೇಮ್ ಮೇಲೆ ಯಾರೋ ಕಾಪಿರೈಟ್ ನೋಟಿಸ್ ಕಳಿಸಿ ತೆಗೆಸಿದ್ದಾರೆ. ಸುಮ್ನೆ ಬಿಟ್ಟುಬಿಡಲಾ?’ ಎಂದು ಕೇಳಿದ್ದೀರಿ. ಗೇಮ್‌ನಲ್ಲಿರೋದೆಲ್ಲ ನಿಮ್ಮದೇ ಆಗಿದ್ದರೆ ಖಂಡಿತ ಬಿಡಬೇಡಿ.

ನಾನು, ನನ್ನ ಗೆಳೆಯ ಹನುಮಂತನಗರದ ರೂಮಿನಲ್ಲಿ ಕೂತು ಎರಡು ವರ್ಷ ಒಂದು ಗೇಮ್ ಮಾಡಿದೆವು. ಅದರ ತಮಟೆ ಸದ್ದನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಾವೇ ರೆಕಾರ್ಡ್ ಮಾಡಿಕೊಂಡಿದ್ದೆವು. ಬಾರಿಸಿದವರಿಗೆ ದುಡ್ಡು ಕೊಟ್ಟು ಒಪ್ಪಿಗೆಯನ್ನೂ ಬರೆಸಿಕೊಂಡಿದ್ದೆವು. ಬಿಡುಗಡೆಯಾದ ನಾಲ್ಕನೇ ದಿನ ಒಂದು ಕಂಪನಿ, ಆ ಸದ್ದು ತನ್ನದು ಎಂದು ನೋಟಿಸ್ ಕೊಟ್ಟಿತು. ಬೆಳಗ್ಗೆ ಎದ್ದು ನೋಡಿದರೆ ಗೇಮ್‌ನ ಪುಟವೇ ಇಲ್ಲ! ಹೊಸ ಗೇಮ್ ಜಾಸ್ತಿ ಮಾರಾಟ ಆಗೋದೇ ಮೊದಲ ವಾರ, ಅಲ್ವಾ? ಆ ವಾರ ಕೈತಪ್ಪಿ ಹೋಯಿತು.

ಗೇಮ್ ಮಾರುವ ತಾಣದವರು ಸರಿ ತಪ್ಪು ವಿಚಾರಿಸಲು ಕೂರುವುದಿಲ್ಲ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನ ಪ್ರಕಾರ, ನೋಟಿಸ್ ಬಂದ ಕೂಡಲೇ ತೆಗೆದರೆ ಅವರ ತಲೆಗೆ ಏನೂ ಬರುವುದಿಲ್ಲ. ಹಾಗಾಗಿ ಮೊದಲು ತೆಗೆಯುತ್ತಾರೆ. 2022ರಲ್ಲಿ ಯಾರೋ ಡೆಸ್ಟಿನಿ ಗೇಮ್ ಮಾಡಿದ ಬಂಗೀ ಕಂಪನಿಯ ಹೆಸರಲ್ಲಿ ಯೂಟ್ಯೂಬ್‌ಗೆ ಸುಳ್ಳು ನೋಟಿಸ್ ಕಳಿಸಿದಾಗ, ಬಂಗೀಯ ಸ್ವಂತ ಚಾನೆಲ್‌ನ ವಿಡಿಯೋಗಳೂ ಹೋಗಿದ್ದವು.

ನಿಮ್ಮ ಕೈಯಲ್ಲಿರೋದು ಕೌಂಟರ್ ನೋಟಿಸ್, ಅಂದರೆ ‘ತಪ್ಪಾಗಿ ತೆಗೆದಿದ್ದೀರಿ’ ಎಂದು ತಾಣದವರಿಗೆ ಬರೆದು ಕೊಡುವ ಉತ್ತರ. ಅದು ತಲುಪಿದ ಮೇಲೆ ಎದುರಿನವರು ಕೋರ್ಟಿಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ಗೇಮ್ ವಾಪಸ್ ಹಾಕಬೇಕು. ಆದರೆ ನಿಮ್ಮ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ. ಅಮೆರಿಕದ ಕೋರ್ಟಿನ ವ್ಯಾಪ್ತಿಗೂ ಒಪ್ಪಬೇಕಾಗುತ್ತದೆ. ಕೌಂಟರ್ ನೋಟಿಸ್‌ನಲ್ಲಿ ಸುಳ್ಳು ಬರೆದರೆ ಅಪರಾಧ. ಬೇರೆಯವರ ಒಂದು ಚಿತ್ರವೋ ಟ್ಯೂನೋ ನಿಜಕ್ಕೂ ಸೇರಿದ್ದರೆ ಮೊದಲು ಅದನ್ನು ತೆಗೆಯಿರಿ, ವಕೀಲರನ್ನು ಕಂಡು ಮಾತಾಡಿ. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲೂ ದೂರು ಕೊಟ್ಟವರು 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ಹಾಕಬಹುದು ಅಂತಿದೆ.

ನಮ್ಮನ್ನು ಕಾಪಾಡಿದ್ದು ಮೂಲ ರೆಕಾರ್ಡಿಂಗ್. ಗೇಮ್‌ಗೆ ಹಾಕುವಾಗ ಕತ್ತರಿಸಿದ್ದ ಭಾಗ ಅದರಲ್ಲಿ ಹಾಗೇ ಇತ್ತು. ತಮಟೆಯ ನಡುವೆ ಒಬ್ಬ ಅಜ್ಜಿ ‘ಸೇರಿಗೆ ಎಷ್ಟಪ್ಪಾ?’ ಎಂದು ಕಡಲೆಕಾಯಿ ಚೌಕಾಸಿ ಮಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಆ ಫೈಲ್, ಅದರ ತಾರೀಖು, ಒಪ್ಪಿಗೆ ಪತ್ರ ಮೂರನ್ನೂ ಕೌಂಟರ್ ನೋಟಿಸ್ ಜೊತೆ ಕಳಿಸಿದೆವು. ಆ ಕಂಪನಿಯಿಂದ ಮತ್ತೆ ಉತ್ತರವೇ ಬರಲಿಲ್ಲ. ಮೂರು ವಾರಕ್ಕೆ ಗೇಮ್ ವಾಪಸ್ ಬಂತು.

ನೀವೂ ಇವತ್ತೇ ಹಳೆಯ ಸ್ಕೆಚ್, ಕೋಡ್‌ನ ಹಿಂದಿನ ಆವೃತ್ತಿಗಳು, ಕೊಂಡ ಸದ್ದುಗಳ ರಸೀದಿ ಎಲ್ಲ ಒಂದು ಕಡೆ ಸೇರಿಸಿ. ಕೌಂಟರ್ ನೋಟಿಸ್ ಬರೆಯುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಹೇಳ್ತೀನಿ.