ಪಹಣಿ ನೋಡಿ ಬೆಳೆ ಎಣಿಸಬೇಡಿ

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: "ಆಟಿಸಂಗೆ ಜೀನ್ ಪರೀಕ್ಷೆ ಬಂದಾಯಿತು. ಇನ್ನೂ ಸತ್ತವರ ಮೆದುಳು ಅರೆದು ಪ್ರೋಟೀನ್ ಹುಡುಕುವುದು ದಂಡವಲ್ಲವೇ? ಆ ದುಡ್ಡಿನಲ್ಲಿ ಸ್ಪೀಚ್ ಥೆರಪಿಸ್ಟರನ್ನು ನೇಮಿಸಲಿ. ಪ್ರೋಟೀನ್ ಕಡಿಮೆಯಿದ್ದರೆ ಪುಡಿ ಕುಡಿಸಿದರಾಯಿತು."

ಥೆರಪಿಸ್ಟರು ತಾಲ್ಲೂಕಿಗೊಬ್ಬರಾದರೂ ಬೇಕು, ಒಪ್ಪಿದೆ. ತಕರಾರಿರುವುದು ಉಳಿದದ್ದಕ್ಕೆ.

ಪಹಣಿಯಲ್ಲಿ ಹತ್ತಿ ಎಂದಿದ್ದ ಹೊಲದಲ್ಲಿ ಗೋವಿನಜೋಳ ನಿಂತದ್ದನ್ನು ನಿಮ್ಮ ಕಡೆ ಕಾಣದವರಿಲ್ಲ. ಜೀನ್ ಪಹಣಿ, ಪ್ರೋಟೀನ್ ಬೆಳೆ. ನರಕೋಶಗಳು ಸಂಧಿಸುವ ಸಿನಾಪ್ಸ್‌ನಲ್ಲಿ, ಸಂದೇಶ ಪಡೆಯುವ ಬದಿಗೆ ಶ್ಯಾಂಕ್3 ಎಂಬ ಪ್ರೋಟೀನ್ ಅಟ್ಟಣೆ ಕಟ್ಟುತ್ತದೆ. ಅದರ ಜೀನ್‌ಗೂ ಆಟಿಸಂಗೂ ನಂಟಿದೆ ಎಂದು 2007ರಲ್ಲಿ ತೋರಿಸಿದ್ದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜರೋನ್ ತಂಡ. ಆದರೆ ಆಟಿಸಂ ಇರುವ ನೂರು ಜನರಲ್ಲಿ ಈ ದೋಷ ಹೆಚ್ಚೆಂದರೆ ಒಬ್ಬರಿಗೆ. ಹೀಗೆ ಎಣಿಸುತ್ತ ಹೋದರೆ ಜೀನ್‌ಗಳು ನೂರಾರು. ಅವುಗಳ ಪ್ರೋಟೀನ್‌ಗಳ ಜಾಡು ಹಿಡಿದರೆ ಮಾತ್ರ ಬಹಳಷ್ಟು ಅದೇ ಸಿನಾಪ್ಸ್‌ಗೆ ಬಂದು ಸೇರುತ್ತವೆ.

ಪುಡಿಯ ವಿಚಾರ. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಒಡೆದು ಅಮೈನೋ ಆಮ್ಲವಾಗುತ್ತದೆ. ಶ್ಯಾಂಕ್3 ನರಕೋಶದಲ್ಲೇ ತಯಾರಾಗಬೇಕು. ಡಬ್ಬಿ ಕೊಂಡಾಗಿದ್ದರೆ ನೀವೇ ಕುಡಿದು ಮುಗಿಸಿ.

ಇನ್ನು "ಅರೆದು" ಎಂದು ಎಷ್ಟು ಸಲೀಸಾಗಿ ಬರೆದಿರಿ! ಮೈನಸ್ 80 ಡಿಗ್ರಿಯಲ್ಲಿಟ್ಟ ತುಣುಕನ್ನು 0.32 ಮೋಲಾರ್ ಸಕ್ಕರೆ ದ್ರಾವಣದಲ್ಲಿ, ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ತಡೆಮದ್ದು ಬೆರೆಸಿ, ಐಸಿನ ಮೇಲಿಟ್ಟುಕೊಂಡೇ ಅರೆಯಬೇಕು. ಬರೀ ನೀರಾದರೆ ಸಿನಾಪ್ಸ್ ತುದಿಗಳು ಉಬ್ಬಿ ಒಡೆಯುತ್ತವೆ, ಅದಕ್ಕೇ ಸಕ್ಕರೆ. ಗುರುತ್ವದ 1,000 ಪಟ್ಟು ಬಲದಲ್ಲಿ 10 ನಿಮಿಷ ತಿರುಗಿಸಿದರೆ ಕೋಶಕೇಂದ್ರಗಳು ತಳ ಸೇರುತ್ತವೆ. ಮೇಲಿನ ತಿಳಿಯನ್ನು 10,000 ಪಟ್ಟಿನಲ್ಲಿ ಮತ್ತೆ 15 ನಿಮಿಷ ತಿರುಗಿಸಿ ಉಳಿಯುವ ಗಷ್ಟಿನಲ್ಲಿ ಸಿನಾಪ್ಸ್ ತುಣುಕುಗಳಿರುತ್ತವೆ, ಕೋಶಕ್ಕೆ ಶಕ್ತಿ ಒದಗಿಸುವ, ಇಲ್ಲಿ ಬೇಡದ ಮೈಟೊಕಾಂಡ್ರಿಯಾವೂ ಇರುತ್ತದೆ. ಶ್ಯಾಂಕ್3 ದೈತ್ಯ, ಸುಮಾರು 190 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ). ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜರಡಿಯಂಥ ಶೇ 10ರ ಜೆಲ್‌ನಲ್ಲಿ ಓಡಿಸಿ ಗುರುತಿಸಲೆಂದು ಒಂದೇ ಗಂಟೆಯಲ್ಲಿ ತೆಳು ಪೊರೆಗೆ ಇಳಿಸಲು ಹೋದರೆ ಬಹುಪಾಲು ಜೆಲ್‌ನಲ್ಲೇ ಉಳಿದು, ಪ್ರೋಟೀನೇ ಇಲ್ಲವೆಂಬ ಸುಳ್ಳು ಫಲಿತಾಂಶ ಸಿಗುತ್ತದೆ. ರಂಧ್ರ ದೊಡ್ಡದಿರುವ ಶೇ 6ರ ಜೆಲ್, ಇಳಿಸುವ ದ್ರಾವಣದಲ್ಲಿ ಕಡಿಮೆ ಮೆಥನಾಲ್, 4 ಡಿಗ್ರಿ ತಂಪಿನಲ್ಲಿ 30 ವೋಲ್ಟ್, ರಾತ್ರಿಯಿಡೀ: ದಾರಿ ಇದು.

ಇಷ್ಟಾದರೂ ಎಡವಟ್ಟುಗಳಿವೆ. ಪ್ರೋಟೀನಿಗೆ ಅಂಟಿದ ಫಾಸ್ಫೇಟ್ ಗುರುತುಗಳು ಸಾವಿನ ಬೆನ್ನಲ್ಲೇ ಅಳಿಸತೊಡಗುತ್ತವೆ. ಕಂಡ ಬದಲಾವಣೆ ಆಟಿಸಂನದೋ, ಜೊತೆಗೆ ಫಿಟ್ಸ್ ಇದ್ದವರು ವರ್ಷಗಟ್ಟಲೆ ನುಂಗಿದ ಮಾತ್ರೆಯದೋ ಎಂದು ಬಿಡಿಸುವುದು ಕಷ್ಟ. ಹಾಗೆಂದು ಇಲಿಯನ್ನೇ ನೆಚ್ಚುವಂತೆಯೂ ಇಲ್ಲ. ಆಟಿಸಂ ಜೊತೆ ಹಲವು ಸಲ ಕಾಣುವ ಫ್ರಜೈಲ್ ಎಕ್ಸ್ ಎಂಬ ಜೀನ್ ದೋಷವಿರುವ ಇಲಿಗಳಲ್ಲಿ, ನರಕೋಶಗಳ ಸಂದೇಶವಾಹಕ ಗ್ಲುಟಮೇಟನ್ನು ಹಿಡಿಯುವ ಒಂದು ಗ್ರಾಹಕವನ್ನು ತಡೆದಾಗ ಎಲ್ಲ ಸರಿಹೋದಂತಿತ್ತು. ಅದೇ ತತ್ವದ ಮಾವೋಗ್ಲುರಂಟ್ ಮದ್ದು ಮನುಷ್ಯರಲ್ಲಿ ಫಲ ಕೊಡದೆ 2014ರಲ್ಲಿ ಕೈಬಿಡಬೇಕಾಯಿತು.

ಬೇಕಾದದ್ದು ಮನುಷ್ಯರ ಮೆದುಳು, ಕೊರತೆಯೂ ಅದರದೇ. 2012ರಲ್ಲಿ ಅಮೆರಿಕದ ಒಂದು ಸಂಗ್ರಹದಲ್ಲಿ ಫ್ರೀಜರ್ ಕೆಟ್ಟು, ಆಟಿಸಂ ಸಂಶೋಧನೆಗೆಂದೇ ಇಟ್ಟಿದ್ದ 50ಕ್ಕೂ ಹೆಚ್ಚು ಮಾದರಿಗಳು ಕರಗಿದವು. ಒಂದೇ ಒಂದು ಫ್ರೀಜರ್‌ಗೆ ಇಡೀ ಕ್ಷೇತ್ರ ತತ್ತರಿಸಿತು. ಪುನೀತ್ ತೀರಿಕೊಂಡಾಗ ನೇತ್ರದಾನಕ್ಕೆ ಮುಗಿಬಿದ್ದು ಹೆಸರು ಬರೆಸಿದ ನಾಡು ನಮ್ಮದು, ಮೆದುಳು ದಾನ ಎಂದರೆ ಹೌಹಾರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಸಂಗ್ರಹವಿದೆ ಎಂಬುದನ್ನು ಎಷ್ಟು ಪತ್ರಿಕೆಗಳು ಬರೆದಿವೆ, ನಮ್ಮದೂ ಸೇರಿ? ಮನೆಯವರ ಒಪ್ಪಿಗೆಯಿರಬೇಕು, ಸಾವಿನ ನಂತರ ಗಂಟೆಗಳೊಳಗೆ ತಿಳಿಸಬೇಕು. ಹೋಲಿಸಿ ನೋಡಲು ಆಟಿಸಂ ಇಲ್ಲದವರ ಮೆದುಳೂ ಅಷ್ಟೇ ಮುಖ್ಯ. ಹಾಗಾಗಿ ನಿಮ್ಮದೂ ನಡೆಯುತ್ತದೆ, ಸಂಪಾದಕರದೂ.